ಎಮ್ಮೆಯ ಮೇಲೆ ಬಂದ ಕೋಳಿ

ಕಲ್ಯಾಣದುರ್ಗದ ದನದ ಆಸ್ಪತ್ರೆಯ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ, "ದೊಡ್ಡದು ಮೊದ್ಲು ಕಣಪ್ಪ, ರೂಲ್ಸು" ಎನ್ನುತ್ತಿದ್ದರು. ಎಮ್ಮೆ, ಎತ್ತು, ಕುರಿ ಮುಗಿದು ಕೋಳಿಯ ಸರದಿ ಬರುವಷ್ಟರಲ್ಲಿ ಕೈ ತೊಳೆದು ಊಟಕ್ಕೆ ಎದ್ದಿರುತ್ತಿದ್ದರು. ಹೀಗೆ ಸುಮ್ಮನೆ ವಾಪಸಾಗಿ ರೋಸಿಹೋದ ಪಕ್ಕದ ಮನೆಯ ಅಜ್ಜಿ ಒಂದು ದಿನ ನಮ್ಮ ಎಮ್ಮೆಯನ್ನು ಕೇಳಿ ಪಡೆದು, ಕಾಯಿಲೆ ಬಿದ್ದು ತೂಕಡಿಸುತ್ತಿದ್ದ ತನ್ನ ಕೋಳಿಯನ್ನು ಅದರ ಬೆನ್ನ ಮೇಲೆ ಕೂರಿಸಿ ಸಾಲಿನ ಮುಂದೆ ನಿಂತಳು.

"ಎಮ್ಮೆಗೇನಾಯ್ತಮ್ಮ?" ಎಂದರು ಡಾಕ್ಟರು.

"ಎಮ್ಮೆಗೇನೂ ಆಗಿಲ್ಲ ಸಾಮಿ. ಮೇಲೆ ಕುಂತಿರೋದ್ನ ನೋಡು."

ಡಾಕ್ಟರು ನಗಲಿಲ್ಲ. "ದೊಡ್ಡದು ಮೊದ್ಲು ಕಣಮ್ಮ" ಎಂದು ಎಮ್ಮೆಯ ಬಾಯಿ ಬಿಡಿಸಿ ನೋಡಿ, ಬಾಲವೆತ್ತಿ ಥರ್ಮಾಮೀಟರಿಟ್ಟು, ಗಂಟಲುಬೇನೆ ಬಾರದಿರಲೆಂದು ಒಂದು ಸೂಜಿಯನ್ನೂ ಚುಚ್ಚಿದರು. ಆಮೇಲೆ ಕೋಳಿಯನ್ನು ಕೈಗೆತ್ತಿಕೊಂಡರು.

ಕೋಳಿ ಬದುಕಿತು. ಅಂದಿನಿಂದ ಅಜ್ಜಿ ನಮ್ಮ ಕೊಟ್ಟಿಗೆಯತ್ತ ಬಂದರೆ ಸಾಕು, ಎಮ್ಮೆ ಗೂಟ ಕೀಳುತ್ತಿತ್ತು.