ಮುಷ್ಟಿಯಲ್ಲಿ ಉಳಿದ ಮಣ್ಣು

ಆ ದಿನವೂ ನಲ್ಲಿಗೆ ನೀರು ಬಂದ ಸದ್ದಿಗೇ ಎದ್ದೆ. ಕೊಡ, ಡ್ರಮ್ಮು ತುಂಬಿಸಿ, ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಎಳೆದು, ಚಹಾಕ್ಕಿಟ್ಟೆ. ಅವಲಕ್ಕಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಅಕ್ಕ ಲಿಂಗಪೂಜೆ ಮುಗಿಸಿ ಪಡಸಾಲೆಯ ಮೂಲೆ ಕುರ್ಚಿಯಲ್ಲಿ ಕುಳಿತಿದ್ದಳು. ಎಂದಿನಂತೆ ಅರ್ಧ ಲೋಟ ಚಹಾ ಕುಡಿದು, ಉಳಿದದ್ದನ್ನು ಕೆನೆಗಟ್ಟಲು ಬಿಟ್ಟಿದ್ದಳು.

ಭಾವ ತೀರಿಕೊಂಡ ಮೇಲೆ ಮಲೆಬೆನ್ನೂರಿನ ಅವಳ ಮನೆಗೆ ಬೀಗ ಹಾಕಿ, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಕರೆತಂದಿದ್ದೆವು. ವರ್ಷ ಕಳೆದಿತ್ತು. ಒಂದು ದಿನವೂ ಅಳಲಿಲ್ಲ. ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಮೈ ಇಳಿದು ಸಡಿಲಾದ ಅವಳ ರವಿಕೆಯ ತೋಳನ್ನು ನಾನು ಎರಡೆರಡು ಸಲ ಹಿಡಿದು ಹೊಲಿದಿದ್ದೆ. ಇನ್ನೊಂದನ್ನೂ ಗಮನಿಸಿದ್ದೆ: ಮಣ್ಣು ಮೆತ್ತಿದ ಆಲೂಗಡ್ಡೆಯನ್ನಾಗಲಿ ಬೇರು ಸಮೇತದ ಕೊತ್ತಂಬರಿ ಕಟ್ಟನ್ನಾಗಲಿ ಅವಳು ಮುಟ್ಟುತ್ತಿರಲಿಲ್ಲ. ತೊಳೆದು ಕೊಟ್ಟರೆ ಮಾತ್ರ ಹೆಚ್ಚುತ್ತಿದ್ದಳು.

ಗುಳಿಗೆಯಿಂದ ನಿದ್ದೆ ಬಂತು, ಹಸಿವು ಬರಲಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಮನಸ್ಸಿಗೆ ಚಿಕಿತ್ಸೆ ಕೊಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಹರಿಹರದಲ್ಲಿ ಹೊಳೆಯ ಕಡೆ ಅವರದೊಂದು ಸಣ್ಣ ತೋಟವಿದೆ. ಬಂದವರಿಗೆ ಮೊದಲು ಅಲ್ಲಿ ಕೆಲಸ, ಆಮೇಲೆ ಹೊಂಗೆ ಮರದ ಕೆಳಗೆ ಮಾತು. ತಳದಲ್ಲಿ ಕೂತದ್ದು ಕುರ್ಚಿಯಲ್ಲಿ ಕೂರಿಸಿ ಕೇಳಿದರೆ ಮೇಲೆ ಬರುವುದಿಲ್ಲ, ಕೈ ಕೆಲಸದಲ್ಲಿದ್ದಾಗ ಮನಸ್ಸು ಕಾವಲು ಸಡಿಲಿಸುತ್ತದೆ ಎನ್ನುತ್ತಿದ್ದರು. ಅಕ್ಕನ ಬಾಲ್ಯ, ಮದುವೆ, ಬೀಳುವ ಕನಸುಗಳು, ಎಲ್ಲ ವಿಚಾರಿಸಿದ್ದರು. ಅಕ್ಕ ಪ್ರತಿ ವಾರವೂ ಬದುವಿನ ಮೇಲೆ ಚಪ್ಪಲಿ ಬಿಡದೆ ನಿಂತು ವಾಪಸು ಬರುತ್ತಿದ್ದಳು.

ಆ ಬೆಳಿಗ್ಗೆ ನಾನು ಬುತ್ತಿ ಕಟ್ಟುವಾಗ ಹೇಳಿದಳು, "ಇವತ್ತೊಂದಿನ ಬರ್ತೀನಿ. ಆಮೇಲೆ ಕರೀಬ್ಯಾಡ."

ವರ್ಷದಲ್ಲಿ ಅವಳಾಡಿದ ಎಲ್ಲಕ್ಕಿಂತ ಉದ್ದನೆಯ ಮಾತು ಅದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಇದೂ ಕೈಬಿಟ್ಟರೆ ಇವಳನ್ನು ಹೇಗೆ ಉಳಿಸಿಕೊಳ್ಳುವುದು?

ಅಂದು ಬದನೆ ಸಸಿ ಹಚ್ಚುವ ಕೆಲಸ. ಡಾಕ್ಟರಮ್ಮ ಗುಣಿ ತೆಗೆದು ಸಸಿ ನಿಲ್ಲಿಸಿದರು. ಒಂದು ಹಿಡಿ ಮಣ್ಣನ್ನು ಅಕ್ಕನ ಅಂಗೈಗೆ ಹಾಕಿ, ಬೇರಿನ ಮೇಲೆ ಬಿಡಲು ಹೇಳಿದರು. ಅಕ್ಕನ ಬೆರಳು ಮುಚ್ಚಿಕೊಂಡವು. ಬಿಡಿಸಲು ನಾನು ಹೋದರೆ ಡಾಕ್ಟರಮ್ಮ ಕಣ್ಣಲ್ಲೇ ತಡೆದರು.

ಅಕ್ಕ ಅಂದಳು, "ನಮ್ಮಲ್ಲಿ ಸುಡಂಗಿಲ್ರಿ. ಹೂಳ್ತೀವಿ."

ಡಾಕ್ಟರಮ್ಮ ಬೇರೆ ಊರಿನವರು, ಅವರ ಮನೆಯಲ್ಲಿ ಬೆಂಕಿಗೆ ಕೊಡುವ ಪದ್ಧತಿ. ಅವರಿಗೆ ಕೇಳಬೇಕೆಂದು ಹೊಳೆದಿರಲಿಲ್ಲ. ನಮಗೆ ಅದು ಎಷ್ಟು ಸಹಜವೆಂದರೆ ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಅವರು ಕೈಯಲ್ಲಿದ್ದ ಸಣ್ಣ ಗುದ್ದಲಿಯನ್ನು ಪಕ್ಕಕ್ಕಿಟ್ಟು ನೆಲದ ಮೇಲೇ ಕುಳಿತರು. ಅಕ್ಕನೂ ಕುಳಿತಳು.

ಭಾವನನ್ನು ಹೂಳಿದ ದಿನ ಹೊಲದಲ್ಲಿ ಎಲ್ಲರೂ ಗುಣಿಗೆ ಹಿಡಿ ಹಿಡಿ ಮಣ್ಣು ಹಾಕಿದರಂತೆ. ಇವಳೂ ಬಗ್ಗಿದಳು. ಜನ ಹಾಕಿದಳೆಂದೇ ತಿಳಿದು ತೋಳು ಹಿಡಿದು ಈಚೆಗೆ ಕರೆದುಕೊಂಡರು. ಮಣ್ಣು ಮುಷ್ಟಿಯಲ್ಲೇ ಉಳಿದಿತ್ತು. ಮನೆಗೆ ಬಂದು ಬಚ್ಚಲಲ್ಲಿ ತೊಳೆದುಬಿಟ್ಟಳು.

"ಎಲ್ಲಾರೂ ಮಣ್ಣು ಕೊಟ್ರು. ನಾನೊಬ್ಬಾಕಿ ಕೊಡ್ಲಿಲ್ಲ."

"ಕೈ ಬಿಡಲಿಲ್ಲವೋ, ನೀವೇ ಬಿಡಲಿಲ್ಲವೋ?" ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

ಅಕ್ಕ ತಲೆ ಎತ್ತಿದಳು. "ನಾನ ಬಿಡ್ಲಿಲ್ರಿ. ಸಿಟ್ಟು ಬಂದಿತ್ತು. ಎದಿ ನೋವು ಅಂತ ಅವ್ರು ವಾರದಿಂದ ಆಳಿನ ಮುಂದ ಹೇಳ್ಯಾರ, ನನ್ನ ಮುಂದ ಹೇಳಿಲ್ಲ. ನಾನೇನು ಹೊರಗಿನಾಕೀನಾ?"

ಅಷ್ಟು ಹೇಳಿ ಅತ್ತಳು. ನಡುನಡುವೆ ಭಾವನನ್ನು ಬೈದಳು. ಡಾಕ್ಟರಮ್ಮ ಪಕ್ಕದಲ್ಲಿ ಕುಳಿತೇ ಇದ್ದರು. ನಾನು ಕರ್ಚೀಫು ಹಿಡಿದು ನಿಂತಿದ್ದೆ, ಕೊಡಬೇಕೋ ಬೇಡವೋ ತಿಳಿಯದೆ. ಬಿಸಿಲು ಏರಿತ್ತು. ಸಸಿಯ ಎಲೆ ಜೋತುಬಿದ್ದಿತ್ತು. ಅದು ಕಣ್ಣಿಗೆ ಬಿದ್ದದ್ದೇ ಅಕ್ಕ ಮೂಗೊರೆಸಿಕೊಂಡು, "ಬೇರು ಒಣಗ್ತಾವಲ್ರಿ, ಸರೀರಿ ಅತ್ಲಾಗ" ಎಂದು ಮುಷ್ಟಿ ಬಿಚ್ಚಿದಳು. ಮಣ್ಣು ಬೆವರಿಗೆ ಮುದ್ದೆಯಾಗಿತ್ತು. ಅದನ್ನು ಪುಡಿ ಮಾಡಿ ಬೇರಿಗೆ ಹಾಕಿ, ಸುತ್ತಲಿನದನ್ನೂ ಎಳೆದು, ಎರಡೂ ಕೈಯಿಂದ ಒತ್ತಿದಳು. ಬುತ್ತಿ ಉಣ್ಣುವ ಮೊದಲು ಆ ಸಾಲು ಮುಗಿಯಿತು.

ಮುಂದಿನ ವಾರ ಬರುತ್ತೀರಾ ಎಂದು ಡಾಕ್ಟರಮ್ಮ ಕೇಳಿದಾಗ, ಬರುತ್ತೇನೆ ಎನ್ನಲಿಲ್ಲ. ನೀರು ಯಾವ ಹೊತ್ತಿಗೆ ಬಿಡುತ್ತೀರಿ ಎಂದು ಕೇಳಿದಳು.

ಮನೆಗೆ ಬಂದ ಮೇಲೂ ಸಿಟ್ಟು ಇಳಿದಿರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದರೆ ಅಡುಗೆಮನೆಯ ಬಾಗಿಲಿಗೆ ಒರಗಿ ಭಾವನ ಮೇಲೆ ದೂರು ಹೇಳಿದಳು. ಒಗೆದ ಅಂಗಿ ತಿರುವಿ ಹಾಕಿಕೊಂಡು ಮದುವೆಗೆ ಹೋದದ್ದು, ಸಾರಿಗೆ ಉಪ್ಪಿಲ್ಲದಿದ್ದರೂ ಬಾಯಿ ಬಿಡದೆ ಉಂಡದ್ದು. ಹೇಳುತ್ತಾ ನಕ್ಕಳು, ಮತ್ತೆ ಕಣ್ಣೊರೆಸಿಕೊಂಡಳು. ನಾನು ಕೇಳಿಸಿಕೊಳ್ಳುತ್ತಾ ಒಂದು ರೊಟ್ಟಿ ಸೀಯಿಸಿದೆ.

ದೀಪ ಹಚ್ಚಿ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ, ಪಕ್ಕದ ಮನೆಯವರು ಗೋಡೆಯಾಚೆ ತಮ್ಮ ಬಟ್ಟೆ ಎಳೆದುಕೊಳ್ಳುತ್ತಾ ಕೇಳಿದರು:

"ಯಾರೋ ನೆಂಟ್ರು ಬಂದಂಗೈತಲ್ರಿ ನಿಮ್ಮನೀಗೆ? ಸಂಜಿಯಿಂದ ಒಂದು ಹೊಸಾ ದನಿ ಕೇಳಾಕತ್ತೈತಿ."