ರೇಷನ್ ಸಾಲಿನಲ್ಲಿ ನೇಲ್ ಪಾಲಿಶ್ ರಿಮೂವರ್

ಈಗ ಸಂಜೆ ಆರು ಗಂಟೆ. ಮಧ್ಯಾಹ್ನವೆಲ್ಲ ಸೊಸೈಟಿಯ ರೇಷನ್ ಸಾಲಿನಲ್ಲೇ ಕಳೆಯಿತು, ಸ್ನೇಹಿತರೇ. ಇವತ್ತು ತಿಂಗಳ ಕೊನೆಯ ದಿನ. ಯಂತ್ರಕ್ಕೆ ಬೆರಳು ಒತ್ತದಿದ್ದರೆ ಈ ತಿಂಗಳ ಅಕ್ಕಿ ಇಲ್ಲ. ನಾನೋ, ತೀರಿಹೋದ ಹೆಂಡತಿಯ ಫೋಟೊಗೆ ಚೌಕಟ್ಟು ಅಂಟಿಸಲು ಹೋಗಿ ಬೆರಳಿಗೆಲ್ಲ ಅಂಟು ಮೆತ್ತಿಕೊಂಡಿದ್ದೆ.

“ಎಂತ ಬಾಬಣ್ಣ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ವಲ್ಲ!” ಎಂದ ಸೊಸೈಟಿಯ ಹರೀಶ. ಸೋಪಿಗೂ ತೆಂಗಿನೆಣ್ಣೆಗೂ ಅಂಟು ಜಗ್ಗಲಿಲ್ಲ.

ಹಿಂದೆ ನಿಂತಿದ್ದ, ಮೆಲ್ಕಾರಿನ ಕಾಲೇಜಿಗೆ ಹೋಗುವ ಸಫಿಯಾ ಬ್ಯಾಗಿನಿಂದ ನೇಲ್ ಪಾಲಿಶ್ ರಿಮೂವರ್ ತೆಗೆದುಕೊಟ್ಟಳು. ನಮಾಜಿಗೆ ಮೊದಲು ಉಗುರಿನ ಬಣ್ಣ ತೆಗೆಯಬೇಕಲ್ಲ, ಹಾಗಾಗಿ ಅದು ಸದಾ ಜೊತೆಗಿರುತ್ತದಂತೆ.

“ಇದರಲ್ಲಿ ಅಸಿಟೋನ್ ಉಂಟು ಅಂಕಲ್, ಅಂಟು ಕರಗ್ತದೆ. ಮುಚ್ಚಳ ಬೇಗ ಹಾಕಿ, ಇಲ್ಲದಿದ್ರೆ ಎಲ್ಲ ಗಾಳಿಗೆ ಹೋಗ್ತದೆ.”

ಹತ್ತಿಯಲ್ಲಿ ಒರೆಸಿದೆ. ಬೆರಳು ಐಸ್ ಮುಟ್ಟಿದ ಹಾಗೆ ತಣ್ಣಗಾಯಿತು. ಪಕ್ಕದ ಅಜ್ಜ ಬೀಡಿ ಹಚ್ಚಲು ಹೊರಟರು.

“ಬೆಂಕಿ ಬೇಡ ಅಜ್ಜ! ಅಕ್ಕಿ ಇಲ್ಲೇ ಬೆಂದೀತು!” ಎಂದು ಹರೀಶ ಕೂಗಿದ. ಅಷ್ಟರಲ್ಲಿ ಒಂದು ಹನಿ ಅವನ ಕ್ಯಾಲ್ಕುಲೇಟರಿನ ಮೇಲೆ ಬಿದ್ದು ಪ್ಲಾಸ್ಟಿಕ್ ಬೆಳ್ಳಗಾಯಿತು.

“ಬೆರಳಿನದ್ದು ತೆಗೀರಿ ಅಂದ್ರೆ ನನ್ನ ಕ್ಯಾಲ್ಕುಲೇಟರನ್ನೇ ಕರಗಿಸ್ತೀರಲ್ಲ ಮಾರಾಯ್ರೆ!”

ಕೊನೆಗೂ ಯಂತ್ರ ನನ್ನನ್ನು ಗುರುತಿಸಿತು. ಹರೀಶ ಎಂದಿನಂತೆ ನನ್ನದೂ ಹೆಂಡತಿಯದೂ ಸೇರಿಸಿ ಇಬ್ಬರ ಅಕ್ಕಿ ತೂಗಿ, ದನಿ ತಗ್ಗಿಸಿ ಹೇಳಿದ: “ಅಕ್ಕನ ಹೆಸರು ಇನ್ನೂ ಕಾರ್ಡಿನಲ್ಲಿ ಉಂಟು ಬಾಬಣ್ಣ. ತೆಗೆಸ್ಲಿಕ್ಕೆ ತಾಲೂಕು ಆಫೀಸಿಗೆ ಹೋಗಿ.”

“ಹೋಗ್ತೇನೆ” ಎಂದೆ.

ನಾಳೆ ಭಾನುವಾರ. ಆಫೀಸಿಗೆ ರಜೆ.