ಬೇಳೆ ಆರಿಸುತ್ತಿದ್ದ ಲೆನ್ಸ್

ಔರಾದಿನ ಆ ಮನೆಯ ಪಡಸಾಲೆಯಲ್ಲಿ ಅಜ್ಜಿಯೊಬ್ಬರು ಕ್ಯಾಮೆರಾ ಲೆನ್ಸನ್ನು ತೊಗರಿಬೇಳೆಯ ಮೇಲೆ ಹಿಡಿದು ಹರಳು ಹುಡುಕುತ್ತಿದ್ದರು.

ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೈಯಿಂದಲೇ ಫೋಕಸ್ ಮಾಡುವ ಹಳೆಯ ಲೆನ್ಸ್ ಬೇಕೆಂದು ನಾನು ಬೀದರಿನಿಂದ ಬಂದಿದ್ದೆ. ಅಜ್ಜಿಯ ಮಗ ಮಾರಲು ತೆಗೆದಿಟ್ಟಿದ್ದು ಬೇರೆ ಲೆನ್ಸ್. ಅವನ ತಂದೆಯ ಫೋಟೊ ಸ್ಟುಡಿಯೊ ಮುಚ್ಚಿದಾಗಿನಿಂದ ಪೆಟ್ಟಿಗೆಯಲ್ಲೇ ಇದ್ದದ್ದು. ಬೆಳಕಿಗೆ ಹಿಡಿದರೆ ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು. ಅಜ್ಜಿಯ ಕೈಯಲ್ಲಿದ್ದುದನ್ನು ಕೇಳಿ ತೆಗೆದುಕೊಂಡು ನೋಡಿದೆ. ದಿನವೂ ಗಾಳಿ ಬೆಳಕು ಕಂಡ ಅದರೊಳಗೆ ಒಂದು ಚುಕ್ಕೆಯೂ ಇರಲಿಲ್ಲ.

“ಅಮ್ಮಾ, ಇದನ್ನೇ ಕೊಡ್ರಿ” ಎಂದೆ.

“ಇದು ಒಯ್ದ್ರ ನಾ ಹರಳು ಹ್ಯಾಂಗ ನೋಡ್ಲಿರಿ?”

ಮುಂದಿನ ಭಾನುವಾರ ಬದಲಿಗೆ ಭೂತಗನ್ನಡಿ ಒಯ್ದೆ. ಅಜ್ಜಿ ನನಗಿಂತ ಹೆಚ್ಚು ಹೊತ್ತು ಪರೀಕ್ಷಿಸಿ, ಅಂಚಿನಲ್ಲಿ ಬೇಳೆ ಸೊಟ್ಟಗೆ ಕಾಣುತ್ತದೆಂದು ವಾಪಸ್ ಕೊಟ್ಟರು. ಅದರ ಮುಂದಿನ ವಾರ ಒಯ್ದದ್ದು ಪಾಸಾಯಿತು, ಲೆನ್ಸ್ ನನಗೆ ಸಿಕ್ಕಿತು.

ಖುಷಿಯಲ್ಲಿ ಅಲ್ಲೇ ಅವರ ಫೋಟೊ ತೆಗೆದೆ. ಅಭ್ಯಾಸವಿಲ್ಲದ ಕೈ, ಫೋಕಸ್ ತಪ್ಪಿ ಮುಖವೆಲ್ಲ ಮಂಜುಮಂಜಾಗಿತ್ತು. ನಾಚಿಕೊಂಡು ಅಳಿಸಲು ಹೋದರೆ ಅಜ್ಜಿ ನನ್ನ ಕೈ ಹಿಡಿದರು.

“ತಡೀರಿ! ಮಾರಿ ಮ್ಯಾಗಿನ ನೆರಿಗಿ ಒಂದೂ ಕಾಣವಲ್ದು. ಇದೇ ಇರ್ಲಿ.”

ಆಮೇಲೆ ತೆಗೆದ ಸ್ಪಷ್ಟವಾದ ಫೋಟೊಗಳೆಲ್ಲ ನನ್ನ ಬಳಿಯೇ ಉಳಿದಿವೆ. ಅವರ ಗೋಡೆಯ ಮೇಲಿರುವುದು ಆ ಮಂಜು ಫೋಟೊ. ನಾನು ತೆಗೆದದ್ದರಲ್ಲಿ ಯಾರಾದರೂ ಕಟ್ಟು ಹಾಕಿಸಿ ಇಟ್ಟುಕೊಂಡಿರುವುದು ಇಂದಿಗೂ ಅದೊಂದೇ.